ಸಿಗ್ನಲ್ ಪೇಟೆಯಲ್ಲಿ, ಪಾಠ ಬಸ್ಸಿನಲ್ಲಿ

ಪ್ರಶ್ನೆ: ಸರ್, ನಾನು ಶಿರಸಿಯ ಕಾಲೇಜೊಂದರಲ್ಲಿ ಬಿಎ ಎರಡನೇ ವರ್ಷ ಓದುತ್ತಿದ್ದೇನೆ. ಇತಿಹಾಸ, ಅರ್ಥಶಾಸ್ತ್ರ, ಕನ್ನಡ ನನ್ನ ವಿಷಯಗಳು. ಮನೆ ವಾನಳ್ಳಿ ಕಡೆ. ಹೋಗಿ ಬರುವುದರಲ್ಲಿ ದಿನಕ್ಕೆ ಎರಡು ತಾಸಿಗೂ ಹೆಚ್ಚು ಬಸ್ಸಿನಲ್ಲೇ ಕಳೆಯುತ್ತದೆ. ನಮ್ಮ ಅಧ್ಯಾಪಕರಲ್ಲಿ ಕೆಲವರು ಪಾಠ ರೆಕಾರ್ಡ್ ಮಾಡುತ್ತಾರೆ. ಒಬ್ಬರು ಯೂಟ್ಯೂಬಿಗೆ ಹಾಕುತ್ತಾರೆ, ಒಬ್ಬರು ಡ್ರೈವ್ ಲಿಂಕ್ ಕೊಡುತ್ತಾರೆ, ಇನ್ನೊಬ್ಬರು ವಾಟ್ಸಾಪ್ ಗ್ರೂಪಿಗೆ ಧ್ವನಿ ಸಂದೇಶ ಕಳಿಸುತ್ತಾರೆ. ಮನೆಯಲ್ಲಿ ನೆಟ್‌ವರ್ಕ್ ಇಲ್ಲ, ಬಸ್ಸು ಹುಲೇಕಲ್ ದಾಟಿದ ಮೇಲೆ ವಿಡಿಯೊ ಸುತ್ತುತ್ತಲೇ ಇರುತ್ತದೆ. ಇಂಗ್ಲೆಂಡಿನಲ್ಲಿ ಎಂಎಸ್ಸಿ ಮಾಡುತ್ತಿರುವ ದೊಡ್ಡಪ್ಪನ ಮಗಳು ಹೇಳುವ ಪ್ರಕಾರ ಅವಳ ಕ್ಲಾಸಿನ ಪಾಠಗಳು ಪಾಡ್‌ಕಾಸ್ಟ್ ಆ್ಯಪಿಗೆ ತಾವಾಗಿಯೇ ಬಂದು ಬೀಳುತ್ತವಂತೆ. ನಮಗೂ ಹಾಗೆ ಮಾಡಿಕೊಳ್ಳಲು ಬರುತ್ತದೆಯೇ? ದುಡ್ಡು ಕೊಡಬೇಕಾಗುತ್ತದೆಯೇ?

ಉತ್ತರ: ತಂಗಿ, ನನ್ನ ಮಗಳೂ ನಿನ್ನ ವಯಸ್ಸಿನವಳೇ, ಹಾಗಾಗಿ ನೀನು ಎಂದೇ ಬರೆಯುತ್ತೇನೆ. ಬರುತ್ತದೆ. ದುಡ್ಡು ಬೇಡ. ಆದರೆ ನಿನ್ನ ಅಕ್ಕನಿಗೆ ಬಂದ ದಾರಿಯಲ್ಲೇ ನಿನಗೂ ಬರುತ್ತದೆ ಎಂದು ಕಾಯುತ್ತ ಕೂತರೆ ಪದವಿ ಮುಗಿದುಹೋಗುತ್ತದೆ. ಅವಳ ಕೆಲಸವನ್ನು ಅಲ್ಲಿ ವಿಶ್ವವಿದ್ಯಾಲಯದ ಒಂದು ಯಂತ್ರ ಮಾಡುತ್ತಿದೆ. ಇಲ್ಲಿ ಅದರಲ್ಲಿ ಅರ್ಧವನ್ನು ನೀನು ಮಾಡಬೇಕು, ಇನ್ನರ್ಧವನ್ನು ನಿನ್ನ ಅಧ್ಯಾಪಕರಿಂದ ಮಾಡಿಸಿಕೊಳ್ಳಬೇಕು. ಕರಾವಳಿಯ ಕಾಲೇಜೊಂದರಲ್ಲಿ ಪಾಠಗಳ ರೆಕಾರ್ಡಿಂಗ್ ನೋಡಿಕೊಳ್ಳುವವನು ನಾನು. ನಮ್ಮ ಕಡೆ ಯಾವುದು ನಡೆಯುತ್ತದೆ, ಯಾವುದು ನಡೆಯುವುದಿಲ್ಲ ಎನ್ನುವುದನ್ನು ಬೇಕಾದಷ್ಟು ತಪ್ಪು ಮಾಡಿಯೇ ಕಲಿತಿದ್ದೇನೆ.

ಮೊದಲು ಒಂದು ಗೊಂದಲ ಬಿಡಿಸಬೇಕು. ರೆಕಾರ್ಡ್ ಮಾಡಿದ ಪಾಠವೆಲ್ಲ ಪಾಡ್‌ಕಾಸ್ಟ್ ಅಲ್ಲ. ಧ್ವನಿಯ ಕಡತ ಎಲ್ಲೋ ಇರುವುದು ಬೇರೆ, ಅದು ನಿನ್ನ ಫೋನಿಗೆ ತಾನಾಗಿ ಬರುವುದು ಬೇರೆ. ಎರಡರ ನಡುವೆ ಇರುವುದು ಚಂದಾ. ಪೇಪರ್ ಅಂಗಡಿಗೆ ಹೋಗಿ ‘ಇವತ್ತಿನದು ಬಂತಾ’ ಎಂದು ಕೇಳುವುದಕ್ಕೂ, ಬೆಳಗಿನ ಬಸ್ಸಿನಲ್ಲಿ ಬಂದ ಪೇಪರ್ ಕಟ್ಟಿನಿಂದ ನಿಮ್ಮ ಮನೆಯದೊಂದನ್ನು ಹುಡುಗ ತಂದು ಎಸೆದು ಹೋಗುವುದಕ್ಕೂ ಇರುವ ವ್ಯತ್ಯಾಸ ಅಷ್ಟೇ. ಪಾಡ್‌ಕಾಸ್ಟಿನಲ್ಲಿ ಆ ಹುಡುಗನ ಕೆಲಸ ಮಾಡುವುದಕ್ಕೆ ಆರ್‌ಎಸ್‌ಎಸ್ ಫೀಡ್ ಎನ್ನುತ್ತಾರೆ. ಹೆಸರು ಕೇಳಿ ಹೆದರಬೇಡ. ಅದೊಂದು ಸಾದಾ ಪಠ್ಯದ ಪಟ್ಟಿ: ಇಂಥ ಪಾಠ, ಇಂಥ ದಿನಾಂಕ, ಧ್ವನಿ ಇಂಥ ವಿಳಾಸದಲ್ಲಿದೆ, ಅದರ ಗಾತ್ರ ಇಷ್ಟು. ಆ್ಯಪ್ ಆಗಾಗ ಹೋಗಿ ಪಟ್ಟಿಯನ್ನು ನೋಡಿ ಬರುತ್ತದೆ, ಹೊಸ ಸಾಲು ಸೇರಿದ್ದರೆ ಆ ಧ್ವನಿಯನ್ನು ಇಳಿಸಿಕೊಳ್ಳುತ್ತದೆ. ‘ಪಾಡ್‌ಕಾಸ್ಟ್’ ಎಂಬ ಪದ 2004ರಲ್ಲಿ ಪತ್ರಿಕೆಯೊಂದರ ಲೇಖನದಲ್ಲಿ ಮೊದಲು ಕಾಣಿಸಿಕೊಂಡಿತು, ಐಪಾಡ್ ಮತ್ತು ಬ್ರಾಡ್‌ಕಾಸ್ಟ್ ಸೇರಿಸಿ ಮಾಡಿದ್ದು. ಅದೇ ವರ್ಷ ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯ ಮೊದಲ ವರ್ಷಕ್ಕೆ ಸೇರಿದ ಮಕ್ಕಳಿಗೆಲ್ಲ ಐಪಾಡ್ ಹಂಚಿತು. ಐಪಾಡ್ ತಯಾರಿಕೆಯೇ 2022ರಲ್ಲಿ ನಿಂತಿತು. ಪಟ್ಟಿ ಮಾತ್ರ ಆಗ ಹೇಗಿತ್ತೋ ಈಗಲೂ ಹೆಚ್ಚುಕಡಿಮೆ ಹಾಗೇ ಇದೆ, ಅದಕ್ಕೇ ಅದರ ಮೇಲೆ ನನಗೆ ನಂಬಿಕೆ.

ಈಗ ನಿನ್ನ ಅಕ್ಕನ ವಿಷಯ. ಅಲ್ಲಿನ ಬಹಳಷ್ಟು ವಿಶ್ವವಿದ್ಯಾಲಯಗಳಲ್ಲಿ ಪನೋಪ್ಟೋ, ಕಾಲ್ಟುರಾದಂಥ ತಂತ್ರಾಂಶ ಇರುತ್ತದೆ. ತರಗತಿಯ ಮೈಕು, ಕ್ಯಾಮೆರಾ ವೇಳಾಪಟ್ಟಿ ನೋಡಿಕೊಂಡು ತಾವೇ ಚಾಲೂ ಆಗುತ್ತವೆ, ತಾಸು ಮುಗಿದ ಮೇಲೆ ಪಾಠ ಆ ವಿಷಯದ ಫೋಲ್ಡರಿಗೆ ಹೋಗಿ ಕೂರುತ್ತದೆ. ಪನೋಪ್ಟೋದ ಫೋಲ್ಡರಿನಲ್ಲಿ ಆರ್‌ಎಸ್‌ಎಸ್ ಚಿಹ್ನೆ ಇರುತ್ತದೆ, ಅದನ್ನು ಒತ್ತಿದರೆ ಚಂದಾ ವಿಳಾಸ ಸಿಗುತ್ತದೆ. ಅದೂ ಆಡಳಿತದವರು ಅನುಮತಿ ಕೊಟ್ಟಿದ್ದರೆ ಮಾತ್ರ. ಆ ವಿಳಾಸವನ್ನು ನಿನಗೆ ಕಳಿಸು ಎಂದು ಅವಳನ್ನು ಕೇಳಬೇಡ. ಇಂಥ ಖಾಸಗಿ ಫೀಡುಗಳ ವಿಳಾಸದ ಒಳಗೇ ಕೀಲಿಯೂ ಅಡಗಿರುವುದುಂಟು, ಯಾರ ಕೈಗೆ ಸಿಕ್ಕಿದರೂ ಬಾಗಿಲು ತೆರೆಯುತ್ತದೆ. ಬಾಗಿಲು ಯಾರ ಹೆಸರಿನಲ್ಲಿ ತೆರೆಯಿತು ಎನ್ನುವುದೂ ಅಲ್ಲಿ ದಾಖಲಾಗಬಹುದು. ಸುಮ್ಮನೆ ಅವಳಿಗೆ ತೊಂದರೆ.

ನಿನ್ನ ಕಾಲೇಜಿಗೆ ಬರೋಣ. ಮೂವರು ಅಧ್ಯಾಪಕರು, ಮೂರು ದಾರಿ. ಒಂದೊಂದಾಗಿ ನೋಡು.

ಯೂಟ್ಯೂಬ್ ದಾರಿಯಲ್ಲಿ ತೊಡಕು ಹೆಚ್ಚು. ಚಾನೆಲ್ಲಿಗೊಂದು ಫೀಡ್ ಇರುತ್ತದೆ, ಆದರೆ ಅದರಲ್ಲಿ ಬರೀ ವಿಡಿಯೊ ಪುಟದ ಕೊಂಡಿ, ಧ್ವನಿಯ ಕಡತ ಇಲ್ಲ. ಪಾಡ್‌ಕಾಸ್ಟ್ ಆ್ಯಪಿಗೆ ಅದನ್ನು ಕೊಟ್ಟರೆ ಶೀರ್ಷಿಕೆ ತೋರಿಸಬಹುದು, ನುಡಿಸಲು ಏನೂ ಸಿಗುವುದಿಲ್ಲ. ಯೂಟ್ಯೂಬ್ ಆ್ಯಪಿನೊಳಗೇ ಡೌನ್‌ಲೋಡ್ ಮಾಡಿಕೊಳ್ಳಬಹುದಾದರೂ ಪ್ರೀಮಿಯಂ ಇಲ್ಲದವರಿಗೆ ಪರದೆ ಆರಿಸಿದ ಕೂಡಲೇ ಪಾಠವೂ ನಿಲ್ಲುತ್ತದೆ. ಪರದೆ ಉರಿಸಿಕೊಂಡು ಎರಡು ತಾಸು ಬಸ್ಸಿನಲ್ಲಿ ಕೂತರೆ ಮನೆ ಮುಟ್ಟುವ ಹೊತ್ತಿಗೆ ಬ್ಯಾಟರಿ ಮುಗಿದಿರುತ್ತದೆ, ಮಳೆಗಾಲದಲ್ಲಿ ಮನೆಯಲ್ಲಿ ಕರೆಂಟ್ ಇರುವ ಖಾತ್ರಿಯೂ ಇಲ್ಲ. ಬೇರೆ ಆ್ಯಪ್ ಹಾಕಿ ವಿಡಿಯೊ ಕೀಳುವ ಉಪಾಯವನ್ನು ನಿನ್ನ ಗೆಳತಿಯರು ಹೇಳಿಕೊಡುತ್ತಾರೆ. ಅದು ಯೂಟ್ಯೂಬಿನ ನಿಯಮಕ್ಕೆ ವಿರುದ್ಧ, ಅಂಥ ಆ್ಯಪುಗಳ ಜತೆ ಏನೇನು ಫೋನಿನೊಳಗೆ ಬರುತ್ತದೋ ದೇವರಿಗೇ ಗೊತ್ತು. ಅದರ ಬದಲು ಅಧ್ಯಾಪಕರನ್ನೇ ಕೇಳು. ಅವರ ಬಳಿ ಮೂಲ ಕಡತ ಇಲ್ಲದಿದ್ದರೂ ಯೂಟ್ಯೂಬ್ ಸ್ಟುಡಿಯೊದಿಂದ ತಮ್ಮದೇ ವಿಡಿಯೊವನ್ನು ಅವರು ವಾಪಸ್ ಇಳಿಸಿಕೊಳ್ಳಬಹುದು. ಈ ಸೌಲಭ್ಯ ಬಹಳ ಅಧ್ಯಾಪಕರಿಗೆ ಗೊತ್ತಿಲ್ಲ. ಪೆನ್‌ಡ್ರೈವ್ ಕೈಯಲ್ಲಿ ಹಿಡಿದು ಸ್ಟಾಫ್ ರೂಮಿನ ಬಾಗಿಲಲ್ಲಿ ನಿಂತ ವಿದ್ಯಾರ್ಥಿಗೆ ಇಲ್ಲ ಎಂದವರನ್ನು ನಾನಂತೂ ಕಂಡಿಲ್ಲ.

ಡ್ರೈವ್ ದಾರಿ ಸುಲಭ. ಲಿಂಕ್ ತೆರೆದು ಅಲ್ಲೇ ನುಡಿಸಬೇಡ, ಡೌನ್‌ಲೋಡ್ ಮಾಡಿ ಫೋನಿನ ಒಂದು ಫೋಲ್ಡರಿಗೆ ಹಾಕು. ವಾಟ್ಸಾಪಿನ ಧ್ವನಿ ಸಂದೇಶವೂ ನಿನ್ನ ಫೋನಿನಲ್ಲೇ ಇರುತ್ತದೆ, ಆದರೆ ‘ವಾಟ್ಸಾಪ್ ವಾಯ್ಸ್ ನೋಟ್ಸ್’ ಎಂಬ ಫೋಲ್ಡರಿನೊಳಗೆ ವಾರಕ್ಕೊಂದು ಒಳಫೋಲ್ಡರಿನಲ್ಲಿ ಅಂಕಿಗಳ ಹೆಸರು ಹೊತ್ತು ಕೂತಿರುತ್ತದೆ. ಅತ್ತೆ ಕಳಿಸಿದ ಹಲಸಿನ ಹಪ್ಪಳದ ಅಳತೆಯೂ ಮೌರ್ಯರ ಆಡಳಿತವೂ ಅಲ್ಲಿ ಅಕ್ಕಪಕ್ಕ. ಬೇಕಾದುದನ್ನು ಹೊರಗೆ ನಕಲು ಮಾಡಿ ಹೆಸರು ಬದಲಿಸಿಕೊಳ್ಳಬೇಕು. ಬೇಜಾರಿನ ಕೆಲಸ, ಆದರೆ ವಾರಕ್ಕೊಮ್ಮೆ ಹತ್ತು ನಿಮಿಷದ್ದು.

ಹೀಗೆ ಬಂದ ಕಡತಗಳನ್ನು ಪಾಡ್‌ಕಾಸ್ಟ್ ಮಾಡುವುದು ಹೇಗೆ ಎನ್ನುವುದೇ ನಿನ್ನ ಪ್ರಶ್ನೆಯ ತಿರುಳು. ಆಂಡ್ರಾಯ್ಡ್ ಫೋನಿಗೆ ಆಂಟೆನಾಪಾಡ್ ಎಂಬ ಆ್ಯಪ್ ಇದೆ. ಉಚಿತ, ಜಾಹೀರಾತು ಇಲ್ಲ, ಮುಕ್ತ ತಂತ್ರಾಂಶ. ಹೊಸ ಪಾಡ್‌ಕಾಸ್ಟ್ ಸೇರಿಸುವ ಪುಟಕ್ಕೆ ಹೋದರೆ ಹುಡುಕುವ ಜಾಗದ ಜತೆಗೆ ಇನ್ನೆರಡು ದಾರಿ ಕಾಣುತ್ತವೆ. ಒಂದರಲ್ಲಿ ಆರ್‌ಎಸ್‌ಎಸ್ ವಿಳಾಸ ಕೊಡಬಹುದು. ಇನ್ನೊಂದು ‘ಲೋಕಲ್ ಫೋಲ್ಡರ್’. ಈ ಎರಡನೆಯದೇ ನಿನಗೆ ಬೇಕಾದದ್ದು. ಫೋನಿನಲ್ಲಿ ‘ಇತಿಹಾಸ’ ಎಂದು ಒಂದು ಫೋಲ್ಡರ್ ಮಾಡಿ ಅದನ್ನು ತೋರಿಸಿಬಿಟ್ಟರೆ ಒಳಗಿರುವ ಪ್ರತಿ ಕಡತವೂ ಒಂದೊಂದು ಕಂತಾಗಿ ಸಾಲಾಗಿ ನಿಲ್ಲುತ್ತದೆ. ಎಲ್ಲಿ ನಿಲ್ಲಿಸಿದೆಯೋ ಅಲ್ಲಿಂದಲೇ ಮತ್ತೆ ಶುರುವಾಗುತ್ತದೆ, ಕೇಳಿ ಮುಗಿದದ್ದಕ್ಕೆ ಗುರುತು ಬೀಳುತ್ತದೆ. ಅರ್ಥಶಾಸ್ತ್ರಕ್ಕೊಂದು, ಕನ್ನಡಕ್ಕೊಂದು ಬೇರೆ ಫೋಲ್ಡರ್ ಮಾಡಿಕೋ. ಕಡತದ ಹೆಸರನ್ನು ಮಾತ್ರ ವರ್ಷ, ತಿಂಗಳು, ದಿನ, ಆಮೇಲೆ ಪಾಠದ ಹೆಸರು, ಈ ಕ್ರಮದಲ್ಲೇ ಇಡು. ದಿನವನ್ನು ಮೊದಲು ಇಟ್ಟರೆ ಆಗಸ್ಟ್ 3 ಮತ್ತು ಸೆಪ್ಟೆಂಬರ್ 3 ಒಂದರ ಮೈಮೇಲೆ ಒಂದು ಬಂದು ಕೂರುತ್ತವೆ.

ಐಫೋನ್ ಇದ್ದವರಿಗೆ ಆಂಟೆನಾಪಾಡ್ ಇಲ್ಲ. ಅದರಲ್ಲಿರುವ ಆ್ಯಪಲ್ ಪಾಡ್‌ಕಾಸ್ಟಿಗೆ ಫೀಡ್ ವಿಳಾಸ ಕೊಟ್ಟು ಚಂದಾ ಆಗಬಹುದು. ಸ್ಪಾಟಿಫೈನಲ್ಲಿ ಕೇಳುಗರು ತಮಗೆ ಬೇಕಾದ ವಿಳಾಸ ಸೇರಿಸಲು ಬರುವುದಿಲ್ಲ, ಅಲ್ಲಿ ಪ್ರಕಟವಾದದ್ದು ಮಾತ್ರ ಸಿಗುತ್ತದೆ. ಗೂಗಲ್ ಪಾಡ್‌ಕಾಸ್ಟ್ಸ್ ಹಾಕಿಕೋ ಎಂದು ಯಾರಾದರೂ ಹೇಳಿದರೆ ಅದು ಹಳೇ ಸುದ್ದಿ, 2024ರಲ್ಲೇ ಮುಚ್ಚಿತು.

ಗಾತ್ರದ ಲೆಕ್ಕ ಗೊತ್ತಿರಲಿ, ಯಾಕೆಂದರೆ ನಮ್ಮ ಕಡೆ ಎಲ್ಲವೂ ಅದರ ಮೇಲೆ ನಿಂತಿದೆ. ಒಂದು ತಾಸಿನ ಪಾಠದ ವಿಡಿಯೊ ಸಲೀಸಾಗಿ ಕೆಲವು ನೂರು ಎಂಬಿ ಆಗುತ್ತದೆ. ಅದೇ ಪಾಠದ ಧ್ವನಿ ಮಾತ್ರ ತೆಗೆದು 48 ಕೆಬಿಪಿಎಸ್ (ಅಂದರೆ ಸೆಕೆಂಡಿಗೆ 48 ಕಿಲೊಬಿಟ್) ಮೋನೊ ಎಂಪಿ3 ಮಾಡಿದರೆ ಸುಮಾರು 21 ಎಂಬಿ. ಮಾತಿಗೆ ಅಷ್ಟು ಧಾರಾಳ ಸಾಕು. ಸ್ಟೀರಿಯೊ ಬೇಡವೇ ಬೇಡ, ಅಧ್ಯಾಪಕರಿಗೆ ಇರುವುದು ಒಂದೇ ಬಾಯಿ. ವಾಟ್ಸಾಪ್ ಬಳಸುವ ಓಪಸ್ ಎಂಬ ವಿಧಾನ ಇನ್ನೂ ಜಿಪುಣ, 24 ಕೆಬಿಪಿಎಸ್‌ನಲ್ಲೂ ಮಾತು ಸ್ಪಷ್ಟ, ತಾಸಿಗೆ ಹನ್ನೊಂದು ಎಂಬಿಯೊಳಗೇ ಮುಗಿಯುತ್ತದೆ. ವಿಡಿಯೊದಿಂದ ಧ್ವನಿ ಬೇರ್ಪಡಿಸಲು ಗ್ರಂಥಾಲಯದ ಕಂಪ್ಯೂಟರಿನಲ್ಲಿ ವಿಎಲ್‌ಸಿ ಇದ್ದರೆ ಸಾಕು. ಮೀಡಿಯಾ ಮೆನುವಿನಲ್ಲಿ ಕನ್ವರ್ಟ್ ಎಂದಿದೆ, ಅದರಲ್ಲಿ ಎಂಪಿ3 ಆರಿಸಿ ಒತ್ತು. ಅಷ್ಟೂ ಪುರಸೊತ್ತಿಲ್ಲದಿದ್ದರೆ ಫೋನಿನ ವಿಎಲ್‌ಸಿಯಲ್ಲಿ ವಿಡಿಯೊವನ್ನೇ ಧ್ವನಿಯಾಗಿ ನುಡಿಸುವ ಆಯ್ಕೆಯಿದೆ, ಪರದೆ ಆರಿದ್ದರೂ ಓಡುತ್ತದೆ. ಜಾಗ ತಿನ್ನುತ್ತದೆ ಅಷ್ಟೇ.

ಇಷ್ಟು ಮಾಡಿದರೆ ನಿನ್ನ ಪಾಲಿನ ಅರ್ಧ ಆಯಿತು. ಇನ್ನರ್ಧ, ಅಂದರೆ ತಾನಾಗಿ ಬರುವುದು, ಅಧ್ಯಾಪಕರ ಕಡೆಯಿಂದ ಆಗಬೇಕು. ಅದು ಅವರು ಅಂದುಕೊಂಡಷ್ಟು ದೊಡ್ಡ ಕೆಲಸವಲ್ಲ. ಕಾಲೇಜಿನ ಜಾಲತಾಣ ವರ್ಡ್‌ಪ್ರೆಸ್ ಮೇಲೆ ಇದ್ದರೆ ಪವರ್‌ಪ್ರೆಸ್ ಎಂಬ ಉಚಿತ ಪ್ಲಗಿನ್ ಹಾಕಿದ ಕೂಡಲೇ ಫೀಡ್ ಸಿದ್ಧ. ಜಾಲತಾಣದ ಉಸಾಬರಿ ಬೇಡ ಎಂದರೆ ಪಾಡ್‌ಕಾಸ್ಟ್ ಹೋಸ್ಟಿಂಗ್ ಸೇವೆಗಳಿವೆ, ಸ್ಪಾಟಿಫೈನವರದೂ ಒಂದು, ಉಚಿತವೇ. ಅಧ್ಯಾಪಕರು ಧ್ವನಿ ಏರಿಸಿ ಶೀರ್ಷಿಕೆ ಬರೆದರೆ ಮುಗಿಯಿತು, ಫೀಡ್ ವಿಳಾಸವನ್ನು ಆ ಸೇವೆಯವರೇ ಕೊಡುತ್ತಾರೆ. ಇವೆಲ್ಲ ಊರಿಗೇ ತೆರೆದ ಬಾಗಿಲುಗಳು ಎನ್ನುವುದು ಮಾತ್ರ ನೆನಪಿರಲಿ. ತರಗತಿಯಲ್ಲಿ ಯಾರೋ ಅಳುಕುತ್ತ ಕೇಳಿದ ಪ್ರಶ್ನೆ, ಹಿಂದಿನ ಬೆಂಚಿನವರ ನಗೆ, ಹಾಜರಿ ಕರೆಯುವಾಗಿನ ಹೆಸರುಗಳು ಎಲ್ಲವೂ ಲೋಕಕ್ಕೆ ಕೇಳುತ್ತವೆ. ಹಾಜರಿ ಮುಗಿದ ಮೇಲೇ ರೆಕಾರ್ಡಿಂಗ್ ಶುರು ಮಾಡಬೇಕು ಎಂದು ನಾನು ನಮ್ಮಲ್ಲಿ ನಿಯಮ ಮಾಡಿದ್ದು ಅದಕ್ಕೇ.

ನನ್ನ ಒಂದು ಪ್ರಮಾದ ಹೇಳುತ್ತೇನೆ, ನಿನ್ನ ಅಧ್ಯಾಪಕರಿಗೂ ತೋರಿಸು. ಫೀಡಿನಲ್ಲಿ ಪ್ರತಿ ಪಾಠಕ್ಕೂ ಒಂದು ಗುರುತಿನ ಸಂಖ್ಯೆ ಇರುತ್ತದೆ, ಆಧಾರ್ ಇದ್ದಂತೆ. ಆ್ಯಪ್ ಹಳತು ಹೊಸತು ತಿಳಿಯುವುದು ಅದರಿಂದ. ಒಂದು ಸೆಮಿಸ್ಟರಿನ ಮಧ್ಯೆ ನನಗೆ ಶಿಸ್ತಿನ ಹುಮ್ಮಸ್ಸು ಬಂದು 38 ಪಾಠಗಳ ಕಡತದ ಹೆಸರನ್ನೆಲ್ಲ ಚಂದ ಮಾಡಿದೆ. ನಮ್ಮ ವ್ಯವಸ್ಥೆಯಲ್ಲಿ ಹೆಸರಿನಿಂದಲೇ ಗುರುತಿನ ಸಂಖ್ಯೆ ಹುಟ್ಟುತ್ತಿತ್ತು. ಆ ರಾತ್ರಿ ಚಂದಾ ಆಗಿದ್ದ ಮಕ್ಕಳ ಫೋನುಗಳೆಲ್ಲ 38 ಹೊಸ ಪಾಠ ಬಂದಿವೆ ಎಂದುಕೊಂಡು ಇಳಿಸತೊಡಗಿದವು. 38ನ್ನು 21ರಿಂದ ಗುಣಿಸು, ಸುಮಾರು 800 ಎಂಬಿ. ದಿನಕ್ಕೆ ಒಂದೂವರೆ ಜಿಬಿಯ ಪ್ಯಾಕ್ ಹಾಕಿಸಿಕೊಂಡ ಹುಡುಗನೊಬ್ಬ ಮರುದಿನ ಬಂದು ‘ಸರ್, ನಿಮ್ಮ ಇತಿಹಾಸ ಮರುಕಳಿಸಿತು’ ಎಂದ. ಅಂದಿನಿಂದ ಏರಿಸಿದ ಕಡತವನ್ನು ನಾನು ಮುಟ್ಟುವುದಿಲ್ಲ. ನೀನೂ ಒಂದು ಕೆಲಸ ಮಾಡು: ಆಂಟೆನಾಪಾಡಿನ ಸೆಟ್ಟಿಂಗಿನಲ್ಲಿ ತಾನಾಗಿ ಡೌನ್‌ಲೋಡ್ ಆಗುವುದನ್ನು ಚಾಲೂ ಮಾಡುವಾಗ ಮೊಬೈಲ್ ಡೇಟಾದಲ್ಲಿ ಬೇಡ, ವೈಫೈನಲ್ಲಿ ಮಾತ್ರ ಎಂದು ಇಡು. ಮಧ್ಯಾಹ್ನ ಗ್ರಂಥಾಲಯದಲ್ಲಿ ಕೂತ ಹೊತ್ತಿಗೆ ಎಲ್ಲವೂ ಬಂದಿರುತ್ತದೆ. ವೈಫೈ ಇಲ್ಲದ ಕಾಲೇಜಾದರೆ ಪೇಟೆಯಲ್ಲಿ ಸಿಗ್ನಲ್ ಗಟ್ಟಿ ಇರುವ ಕಡೆ ನೀನೇ ಕೈಯಾರೆ ಒಂದೊಂದಾಗಿ ಇಳಿಸಿಕೋ. ಕೋವಿಡ್ ಕಾಲದಲ್ಲಿ ಈ ಜಿಲ್ಲೆಯ ಮಕ್ಕಳು ಗುಡ್ಡದ ಮೇಲೆ ತಾಡಪಾಲು ಕಟ್ಟಿಕೊಂಡು, ಕೊಡೆ ಹಿಡಿದುಕೊಂಡು ಪಾಠ ಕೇಳಿದ್ದನ್ನು ನೀನೂ ಹೈಸ್ಕೂಲಿನಲ್ಲಿದ್ದಾಗ ಕಂಡಿರುತ್ತೀ, ಬಹುಶಃ ಮಾಡಿಯೂ ಇರುತ್ತೀ. ಆಗ ಪಾಠ ಹೇಳುವ ಹೊತ್ತಿಗೇ ಸಿಗ್ನಲ್ ಬೇಕಿತ್ತು. ಪಾಡ್‌ಕಾಸ್ಟಿನಲ್ಲಿ ಸಿಗ್ನಲ್ ಬೇಕಾದ ಹೊತ್ತು ಬೇರೆ, ಕೇಳುವ ಹೊತ್ತು ಬೇರೆ. ಹುಲೇಕಲ್ ದಾಟಿದ ಮೇಲೂ ಪಾಠ ನಿಲ್ಲುವುದಿಲ್ಲ. ಕಾರವಾರದಿಂದ ಕುಮಟೆಗೆ ರೈಲಿನಲ್ಲಿ ಓಡಾಡುವ ನಮ್ಮ ಹುಡುಗರಿಗೆ ಕೊಂಕಣ ರೈಲ್ವೆಯ ಸುರಂಗದೊಳಗೂ ಕೇಳುತ್ತದೆ.

ಇನ್ನು ಅನುಮತಿಯ ವಿಷಯ. ಅಧ್ಯಾಪಕರು ರೆಕಾರ್ಡ್ ಮಾಡದಿದ್ದರೆ ನೀನೇ ಮಾಡಬಹುದೇ? ಕೇಳಿ ಮಾಡು. ಭಾರತದ 1957ರ ಕೃತಿಸ್ವಾಮ್ಯ ಕಾಯ್ದೆಯಲ್ಲಿ ‘ಪ್ರದರ್ಶಕ’ ಎಂದರೆ ಯಾರು ಎಂಬ ಪಟ್ಟಿಯಿದೆ. ನಟ, ಗಾಯಕ, ನರ್ತಕ, ದೊಂಬರಾಟದವನು, ಹಾವಾಡಿಗ ಎಲ್ಲ ಆದ ಮೇಲೆ ಉಪನ್ಯಾಸ ಕೊಡುವವನು ಎಂದೂ ಇದೆ. ನಮ್ಮ ಸ್ಟಾಫ್ ರೂಮಿನಲ್ಲಿ ಇದನ್ನು ಓದಿ ಹೇಳಿದಾಗ ಹಾವಾಡಿಗನ ಪಕ್ಕ ಕೂರಿಸಿದ್ದಕ್ಕೆ ಒಬ್ಬರು ಬೇಸರಪಟ್ಟರು. ಕೊನೇ ಬೆಂಚನ್ನು ಆಡಿಸುವವರಿಗೆ ಅದೇ ಸರಿ ಎಂದು ಇನ್ನೊಬ್ಬರು ನಕ್ಕರು. ಅದೇನೇ ಇರಲಿ, ಪಾಠದ ಮೇಲೆ ಅಧ್ಯಾಪಕರಿಗೆ ಹಕ್ಕಿದೆ. ನಿನ್ನ ಸ್ವಂತ ಬಳಕೆಗೆ, ಇಲ್ಲವೇ ಪ್ರಾಮಾಣಿಕವಾಗಿ ಬೋಧನೆ ಸಂಶೋಧನೆಗಳಿಗಷ್ಟೇ ರೆಕಾರ್ಡ್ ಮಾಡಿಕೊಂಡರೆ ಆ ಹಕ್ಕಿಗೆ ಭಂಗವಿಲ್ಲ ಎಂದು ಅದೇ ಕಾಯ್ದೆಯ 39ನೇ ಕಲಮು ಹೇಳುತ್ತದೆ. ಅದನ್ನು ಗ್ರೂಪಿಗೆ ಹಾಕಿ, ಅಲ್ಲಿಂದ ಇನ್ನೊಂದು ಗ್ರೂಪಿಗೆ ಹೋಗಿ, ಕೊನೆಗೆ ಯಾರದೋ ಚಾನೆಲ್ಲಿನಲ್ಲಿ ಕಾಣಿಸಿಕೊಂಡರೆ ಮಾತು ಬೇರೆ. ಕಾಯ್ದೆಗಿಂತ ದೊಡ್ಡದು ಅಧ್ಯಾಪಕರ ವಿಶ್ವಾಸ. ತಮ್ಮ ಮಾತು ಎಲ್ಲಿಗೆ ಹೋಗುತ್ತದೋ ಎಂಬ ಅಳುಕು ಹತ್ತಿದವರು ತರಗತಿಯಲ್ಲಿ ಉದಾಹರಣೆ ಕೊಡುವುದನ್ನೇ ನಿಲ್ಲಿಸುತ್ತಾರೆ, ನೋಟ್ಸ್ ಓದಿ ಹೇಳಿ ಹೋಗುತ್ತಾರೆ. ಅಂಥ ಪಾಠವನ್ನು ಕೇಳುವುದಕ್ಕಿಂತ ಬಸ್ಸಿನಲ್ಲಿ ನಿದ್ದೆ ಮಾಡುವುದು ಒಳ್ಳೆಯದು.

ರೆಕಾರ್ಡಿಂಗ್ ಹೇಗಿರಬೇಕು ಎನ್ನುವುದಕ್ಕೆ ಒಂದು ಚಿತ್ರ ಕೊಡುತ್ತೇನೆ. ಜುಲೈ ತಿಂಗಳು, ಮಧ್ಯಾಹ್ನದ ತರಗತಿ. ಫೋನನ್ನು ಮೊದಲ ಬೆಂಚಿನ ಮೇಲೆ ಇಟ್ಟಿದ್ದಾರೆ. ಮೇಲೆ ಫ್ಯಾನು, ಅದರ ಮೇಲೆ ತಗಡಿನ ಮಾಡು, ಮಾಡಿನ ಮೇಲೆ ಮಳೆ. ಮನೆಗೆ ಬಂದು ಕೇಳಿದರೆ ನಲವತ್ತೈದು ನಿಮಿಷ ಮಳೆ, ನಡುನಡುವೆ ‘ಅಕ್ಬರ’. ಅದೇ ಫೋನನ್ನು ಅಧ್ಯಾಪಕರ ಅಂಗಿಯ ಕಿಸೆಗೆ ಮೈಕು ಮೇಲೆ ಬರುವಂತೆ ಹಾಕಿದರೆ ಅರ್ಧ ತೊಂದರೆ ಹೋಗುತ್ತದೆ. ಒಂದು ಕಾಲರ್ ಮೈಕ್ ಸಿಕ್ಕಿಸಿದರೆ ಪೂರ್ತಿ ಹೋಗುತ್ತದೆ. ಬಾಯಿಗೂ ಮೈಕಿಗೂ ಒಂದು ಗೇಣು, ಅದೇ ಎಲ್ಲ. ದುಬಾರಿ ಮೈಕನ್ನು ದೂರ ಇಡುವುದಕ್ಕಿಂತ ಅಗ್ಗದ ಮೈಕನ್ನು ಹತ್ತಿರ ಇಡುವುದೇ ಲೇಸು. ಆಮೇಲೆ ಆಡಾಸಿಟಿ ಎಂಬ ಧ್ವನಿ ತಿದ್ದುವ ತಂತ್ರಾಂಶದಲ್ಲಿ ಗದ್ದಲ ತೆಗೆಯಬಹುದು ಎಂದು ಭರವಸೆ ಇಟ್ಟುಕೊಳ್ಳಬೇಡ. ಫ್ಯಾನಿನಂತೆ ಒಂದೇ ಸಮ ಬರುವ ಸದ್ದು ಹೋಗುತ್ತದೆ, ಮಳೆಯನ್ನು ತೆಗೆಯ ಹೊರಟರೆ ಮಾತಿನ ಚರ್ಮವೂ ಕಿತ್ತುಬರುತ್ತದೆ.

ಎಲ್ಲ ಪಾಠವೂ ಕಿವಿಗೆ ಒಗ್ಗುವುದಿಲ್ಲ. ನಿನ್ನ ಅದೃಷ್ಟಕ್ಕೆ ಇತಿಹಾಸ, ಕನ್ನಡ ಎರಡೂ ಒಗ್ಗುವ ವಿಷಯಗಳು. ಅರ್ಥಶಾಸ್ತ್ರ ಅರ್ಧ. ಬೇಡಿಕೆ ರೇಖೆಯನ್ನು ಹಲಗೆಯ ಮೇಲೆ ಬರೆದು ‘ನೋಡಿ, ಇದು ಇಲ್ಲಿಂದ ಇಲ್ಲಿಗೆ ಬರುತ್ತದೆ’ ಎಂದರೆ ಬಸ್ಸಿನಲ್ಲಿ ಕೂತವಳಿಗೆ ಯಾವ ಇಲ್ಲಿ? ಇದನ್ನು ನಾನು ಅಧ್ಯಾಪಕರಿಗೆ ಹೇಳುವಾಗ ತಾಳಮದ್ದಳೆಯ ನೆನಪು ಮಾಡಿಕೊಡುತ್ತೇನೆ. ಯಕ್ಷಗಾನದ ಆಟದಲ್ಲಿ ವೇಷವಿದೆ, ಕುಣಿತವಿದೆ. ತಾಳಮದ್ದಳೆಯಲ್ಲಿ ಅದೊಂದೂ ಇಲ್ಲ. ಪಂಚೆ ಉಟ್ಟು ಶಾಲು ಹೊದ್ದು ಕೂತ ಅರ್ಥಧಾರಿಗಳು ಬರೀ ಮಾತಿನಲ್ಲಿ ವಾಲಿಯನ್ನೂ ರಾಮನನ್ನೂ ಎದುರುಬದುರು ನಿಲ್ಲಿಸುತ್ತಾರೆ. ಬಾಣ ಎಲ್ಲಿಂದ ಬಂತು, ಮರ ಎಲ್ಲಿತ್ತು ಎನ್ನುವುದು ಮಾತಿನಲ್ಲೇ ಕಾಣಬೇಕು. ಈ ಸೀಮೆಯ ಜನ ಅದನ್ನು ಕ್ಯಾಸೆಟ್ ಮಾಡಿಟ್ಟುಕೊಂಡು, ಅಡಿಕೆ ಸುಲಿಯುವ ರಾತ್ರಿಗಳಲ್ಲಿ ಟೇಪ್ ರೆಕಾರ್ಡರ್ ಹಚ್ಚಿ ಕೇಳಿದವರು. ಕೈ ತನ್ನ ಪಾಡಿಗೆ ಸುಲಿಯುತ್ತಿತ್ತು, ಕಿವಿ ವಾದದ ಎಳೆ ಹಿಡಿದಿರುತ್ತಿತ್ತು. ಒಂದೇ ಕ್ಯಾಸೆಟ್ಟನ್ನು ಹತ್ತು ಸಲ ಕೇಳಿ ಅರ್ಥಧಾರಿಗಿಂತ ಮೊದಲೇ ಮುಂದಿನ ಮಾತು ಹೇಳುತ್ತಿದ್ದ ಅಜ್ಜಂದಿರು ನನಗೆ ಗೊತ್ತು. ಕೇಳಿ ಕಲಿಯುವುದನ್ನು ನಮಗೆ ಯಾರೂ ಹೊಸದಾಗಿ ಹೇಳಿಕೊಡಬೇಕಿಲ್ಲ. ರೆಕಾರ್ಡಿಂಗ್ ಇರುವ ದಿನ ಅಧ್ಯಾಪಕರು ಅರ್ಥಧಾರಿಯಂತೆ ಮಾತಾಡಿದರೆ ಸಾಕು. ‘ಬೆಲೆ ಏರಿದಂತೆ ರೇಖೆ ಎಡಕ್ಕೆ ಮೇಲಕ್ಕೆ ಹೋಗುತ್ತದೆ’ ಎಂದು ಹಲಗೆಯನ್ನೂ ಬಾಯಲ್ಲಿ ಹೇಳಬೇಕು.

ಕೇಳುವ ಕ್ರಮದ ಬಗ್ಗೆಯೂ ನನಗೆ ಕೆಲವು ಹಟಗಳಿವೆ. ತರಗತಿಗೆ ಹೋಗದೆ ರೆಕಾರ್ಡಿಂಗ್ ಮಾತ್ರ ಕೇಳುತ್ತೇನೆ ಎನ್ನುವವರಿಗೆ ನಾನು ಫೀಡ್ ವಿಳಾಸ ಕೊಡಲು ಮನಸ್ಸು ಮಾಡುವುದಿಲ್ಲ. ಒಮ್ಮೆ ಕಣ್ಣಿಂದ ಕಂಡ ಪಾಠ ಎರಡನೇ ಸಲ ಕಿವಿಯಿಂದ ಚೆನ್ನಾಗಿ ಇಳಿಯುತ್ತದೆ. ವೇಗವನ್ನು 1.25ಕ್ಕೆ ಏರಿಸಬಹುದು, ಅದಕ್ಕಿಂತ ಮೇಲೆ ಹೋದರೆ ಪಾಠ ಮುಗಿಯುತ್ತದೆ, ತಲೆಗೆ ಹತ್ತುವುದಿಲ್ಲ. ಮೌನವನ್ನು ಹಾರಿಸುವ ಆಯ್ಕೆ ಆಂಟೆನಾಪಾಡಿನಲ್ಲಿದೆ, ಅಧ್ಯಾಪಕರು ಹಲಗೆ ಒರೆಸುವ ಹೊತ್ತೆಲ್ಲ ಉಳಿಯುತ್ತದೆ. ಬಸ್ಸು ಗದ್ದಲ ಎಂದು ಧ್ವನಿಯನ್ನು ತುದಿಗೇರಿಸಬೇಡ, ಕಿವಿಗೆ ಸರಿಯಾಗಿ ಕೂರುವ ರಬ್ಬರ್ ತುದಿಯ ಇಯರ್‌ಫೋನ್ ತಗೋ. ನಿಲ್ದಾಣದಿಂದ ಮನೆಗೆ ನಡೆಯುವಾಗ ಒಂದು ಕಿವಿ ಖಾಲಿ ಬಿಡು, ಹಿಂದಿನಿಂದ ಬರುವ ಬೈಕಿನ ಸದ್ದು ಕೇಳಬೇಕಲ್ಲ. ಅರ್ಥವಾಗದ ಜಾಗ ಬಂದರೆ ನಿಮಿಷದ ಅಂಕಿಯನ್ನು ಪುಸ್ತಕದ ಕೊನೇ ಹಾಳೆಯಲ್ಲಿ ಬರೆದಿಟ್ಟುಕೋ, ಮರುದಿನ ‘ಸರ್, ಹನ್ನೆರಡನೇ ನಿಮಿಷದಲ್ಲಿ ಹೇಳಿದ್ದು’ ಎಂದು ಕೇಳಿದರೆ ಅವರಿಗೂ ಖುಷಿ.

ನಿಮ್ಮ ಕಾಲೇಜಿನಲ್ಲಿ ಇಲ್ಲದ್ದು ಹೊರಗೆ ಸಿಗುತ್ತದೆ. ಐಐಟಿಗಳೂ ಭಾರತೀಯ ವಿಜ್ಞಾನ ಸಂಸ್ಥೆಯೂ ಸೇರಿ 2003ರಲ್ಲಿ ಶುರು ಮಾಡಿದ ಆನ್‌ಲೈನ್ ಪಾಠಗಳ ಯೋಜನೆಯಾದ ಎನ್‌ಪಿಟಿಇಎಲ್‌ನಲ್ಲಿ ಎಂಜಿನಿಯರಿಂಗ್ ಮಾತ್ರವಲ್ಲ, ಅರ್ಥಶಾಸ್ತ್ರ, ಮಾನವಿಕ ವಿಷಯಗಳ ಪಾಠಗಳೂ ಇವೆ. ವಿಡಿಯೊ ಇಳಿಸಿಕೊಳ್ಳಬಹುದು, ಕೆಲವು ಪಾಠಗಳ ಬರಹರೂಪ ಕನ್ನಡದಲ್ಲೂ ಇದೆ. ಅಮೆರಿಕದ ಯೇಲ್ ವಿಶ್ವವಿದ್ಯಾಲಯ ತನ್ನ ಕೆಲವು ಕೋರ್ಸುಗಳನ್ನು 2007ರಿಂದ ಮುಕ್ತವಾಗಿ ಇಟ್ಟಿದೆ, ಅವುಗಳ ಎಂಪಿ3 ನೇರವಾಗಿ ಸಿಗುತ್ತದೆ. ಇಂಗ್ಲಿಷಿನ ಕಿವಿ ಪಳಗಲೆಂದಾದರೂ ಗೇಮ್ ಥಿಯರಿಯ ಮೊದಲ ಪಾಠ ಕೇಳು. ಆಕ್ಸ್‌ಫರ್ಡಿನವರ ಉಪನ್ಯಾಸಗಳಿಗೆ ಸಾಚಾ ಪಾಡ್‌ಕಾಸ್ಟ್ ಫೀಡುಗಳೇ ಇವೆ, ಹೆಸರು ಹುಡುಕಿದರೆ ಆಂಟೆನಾಪಾಡಿನಲ್ಲೇ ಸಿಗುತ್ತವೆ. ಮನೆಯಲ್ಲಿ ನೆಟ್ ಇಲ್ಲದಿದ್ದರೂ ಮಾಡಿನ ಮೇಲೆ ಡಿಡಿ ಫ್ರೀ ಡಿಶ್ ಇದ್ದರೆ ಸ್ವಯಂ ಪ್ರಭಾ ಎಂಬ ಪಾಠದ ಟಿವಿ ವಾಹಿನಿಗಳು ಬರುತ್ತವೆ. ದಿನಕ್ಕೆ ನಾಲ್ಕು ತಾಸಿನಷ್ಟು ಹೊಸ ಪಾಠ, ಅದನ್ನೇ ದಿನವಿಡೀ ಮತ್ತೆ ಮತ್ತೆ ಹಾಕುತ್ತಾರೆ. ಒಂದು ಹೊತ್ತು ಕರೆಂಟ್ ಹೋದರೂ ಇನ್ನೊಂದು ಹೊತ್ತಿಗೆ ಸಿಗುತ್ತದೆ.

ಇಷ್ಟವಾದದ್ದನ್ನು ಇಳಿಸಿಟ್ಟುಕೋ. ಇಂದು ಜಾಲದಲ್ಲಿ ಇರುವುದು ನಾಳೆಯೂ ಇರುತ್ತದೆ ಎಂದು ನಂಬಬೇಡ. ಆ್ಯಪಲ್‌ನವರು ವಿಶ್ವವಿದ್ಯಾಲಯಗಳ ಪಾಠಗಳಿಗೆಂದೇ 2007ರಲ್ಲಿ ತೆರೆದ ಐಟ್ಯೂನ್ಸ್ ಯು 2021ರ ಕೊನೆಗೆ ಮುಚ್ಚಿತು. ಕ್ಯಾಲಿಫೋರ್ನಿಯಾದ ಬರ್ಕ್ಲಿ ವಿಶ್ವವಿದ್ಯಾಲಯ 2017ರಲ್ಲಿ ಇಪ್ಪತ್ತು ಸಾವಿರಕ್ಕೂ ಹೆಚ್ಚು ಪಾಠಗಳನ್ನು ಸಾರ್ವಜನಿಕರಿಂದ ಹಿಂದಕ್ಕೆ ಪಡೆಯಿತು. ಕಿವಿ ಕೇಳದವರಿಗೆ ಉಪಶೀರ್ಷಿಕೆ ಇಲ್ಲ, ಕಣ್ಣು ಕಾಣದವರಿಗೂ ಅನುಕೂಲವಾಗಿಲ್ಲ ಎಂದು ಅಲ್ಲಿನ ನ್ಯಾಯ ಇಲಾಖೆ ಆಕ್ಷೇಪಿಸಿದ ಮೇಲೆ ನಡೆದದ್ದು. ಆಕ್ಷೇಪ ನ್ಯಾಯವಾದದ್ದೇ. ಪರಿಹಾರ ಮಾತ್ರ ನೆಗಡಿಗೆ ಮೂಗು ಕೊಯ್ದಂತಾಯಿತು. ಪಾಡ್‌ಕಾಸ್ಟ್ ಮಾಡುವ ಅಧ್ಯಾಪಕರು ಪಾಠದ ಜತೆ ಒಂದು ಪುಟದ ಟಿಪ್ಪಣಿಯನ್ನಾದರೂ ಇಡಬೇಕು ಎಂದು ನಾನು ಹೇಳುವುದು ಅದಕ್ಕೇ. ನಿಮ್ಮ ತರಗತಿಯಲ್ಲೂ ಕಿವಿ ಮಂದ ಇರುವವರು ಒಬ್ಬರಾದರೂ ಇದ್ದೇ ಇರುತ್ತಾರೆ, ಹೇಳಿಕೊಂಡಿರುವುದಿಲ್ಲ.

ಮೂರೂ ವಿಷಯ ಒಟ್ಟಿಗೆ ಶುರು ಮಾಡಬೇಡ. ಇತಿಹಾಸದ ಅಧ್ಯಾಪಕರನ್ನು ಕೇಳಿ ಎರಡು ಪಾಠ ಪೆನ್‌ಡ್ರೈವಿಗೆ ಹಾಕಿಸಿಕೋ. ಗ್ರಂಥಾಲಯದಲ್ಲಿ ಎಂಪಿ3 ಮಾಡಿ ಫೋಲ್ಡರಿಗೆ ಸೇರಿಸು. ಸಂಜೆ ಶಿರಸಿ ನಿಲ್ದಾಣದಲ್ಲಿ ಬಸ್ ಹತ್ತುವ ಮೊದಲು ಫೋನನ್ನು ಏರೋಪ್ಲೇನ್ ಮೋಡಿಗೆ ಹಾಕಿ ಒಂದು ನಿಮಿಷ ಕೇಳಿ ನೋಡು. ಅಲ್ಲಿ ಕೇಳಿದರೆ ವಾನಳ್ಳಿಯಲ್ಲೂ ಕೇಳುತ್ತದೆ. ಕೇಳದಿದ್ದರೆ ನೀನು ಕಡತ ಇಳಿಸಿಕೊಂಡಿಲ್ಲ, ಬರೀ ಲಿಂಕ್ ಉಳಿಸಿಕೊಂಡಿದ್ದೀ ಎಂದರ್ಥ. ಬಸ್ ಹೊರಡಲು ಹೊತ್ತಿದ್ದರೆ ಅಲ್ಲೇ ನಿಂತು ಇಳಿಸಿಕೋ.